ಖಾಲಿ ದೋಸೆ ಮತ್ತು ಏಕವಚನ

ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಬೆಂಗಳೂರಿನ ದಕ್ಷಿಣ ದಿಕ್ಕಿನ ಯಾವ ಹೋಟೆಲಿಗೂ ಹೋಗಬಾರದು ಎಂದು ಗೊತ್ತಿದ್ದೂ ಹೋಗುವವರಲ್ಲಿ ನಾನೂ ಒಬ್ಬ. ಹೋದರೆ ಏನಾಗುತ್ತದೆ ಎಂದು ವಿವರಿಸಬೇಕಿಲ್ಲ. ತಿನ್ನುತ್ತಿರುವವರ ಕುರ್ಚಿಯ ಹಿಂದೆ ನಿಲ್ಲಬೇಕು. ಅವರ ತಟ್ಟೆಯಲ್ಲಿ ಇನ್ನೆಷ್ಟು ದೋಸೆ ಉಳಿದಿದೆ ಎಂದು ನೋಡಿಯೂ ನೋಡದವರಂತೆ ಇರಬೇಕು. ಅವರು ಕೊನೆಗೆ ‘ಇನ್ನೊಂದು ಕಾಫಿ’ ಅಂದರೆ ಒಳಗೊಳಗೇ ಶಪಿಸಬೇಕು. ಅವತ್ತು ನನಗೆ ಸಿಕ್ಕಿದ್ದು ಕೈತೊಳೆಯುವ ಜಾಗದ ಪಕ್ಕದ ಎರಡು ಕುರ್ಚಿಯ ಟೇಬಲ್ಲು. ಅಲ್ಲಿ ಕೂತರೆ ಬೆನ್ನಿಗೆ ಆಗಾಗ ನೀರು ಸಿಡಿಯುತ್ತದೆ, ಆದರೆ ಇಡೀ ಹಾಲು ಕಣ್ಣಿಗೆ ಬೀಳುತ್ತದೆ. ಹದಿನೈದು ಟೇಬಲ್ಲಿಗೆ ಇಬ್ಬರೇ ಸಪ್ಲೈಯರ್. ಒಬ್ಬರಿಗೆ ಐವತ್ತೈದರ ಆಸುಪಾಸು, ಬಲಗೈ ಹೆಬ್ಬೆರಳಿಗೆ ಬ್ಯಾಂಡೇಜು. ಇನ್ನೊಬ್ಬನಿಗೆ ಇಪ್ಪತ್ತು ತುಂಬಿದ್ದರೆ ಹೆಚ್ಚು. ಉಳಿದ ಮೂವರು ಊರಿಗೆ ಹೋಗಿದ್ದರೋ, ಕೆಲಸ ಬಿಟ್ಟಿದ್ದರೋ, ಅಂತೂ ಇಬ್ಬರೇ ಓಡುತ್ತಿದ್ದರು.

ನನ್ನ ಎದುರಿನ ದೊಡ್ಡ ಟೇಬಲ್ಲಿಗೆ ಒಂದು ಸಂಸಾರ ಬಂದು ಕೂತಿತು. ಗಂಡ, ಹೆಂಡತಿ, ಗಂಡನ ತಾಯಿ, ಇಬ್ಬರು ಮಕ್ಕಳು. ಅರ್ಧ ಗಂಟೆ ನಿಂತು ಕಾದವರು. ಆ ಸಿಟ್ಟು ಕೂರುವಾಗಲೇ ಕುರ್ಚಿ ಎಳೆದ ಸದ್ದಿನಲ್ಲಿತ್ತು. ಹುಡುಗ ಬಂದ. ಆರ್ಡರು ಒಂದೇ ಉಸಿರಿಗೆ ಬಂತು: ಎರಡು ಮಸಾಲೆ, ಒಂದು ಇಡ್ಲಿ ವಡೆ, ಸಾಂಬಾರ್ ಬೇರೆ, ಒಂದು ಕೇಸರಿಬಾತು, ಅಮ್ಮನಿಗೆ ಒಂದು ಖಾಲಿ ದೋಸೆ. ಹುಡುಗ ಬರೆದುಕೊಳ್ಳಲಿಲ್ಲ. ಬರೆದುಕೊಳ್ಳುವಷ್ಟು ಹೊತ್ತು ಅವನಿಗಿರಲಿಲ್ಲ. ಅಷ್ಟರಲ್ಲೇ ಹಿಂದಿನ ಟೇಬಲ್ಲಿನವರು ಚಿಟಿಕೆ ಹೊಡೆಯುತ್ತಿದ್ದರು.

ಎಲ್ಲವೂ ಸರಿಯಾಗಿಯೇ ಬಂತು, ಒಂದರ ಹೊರತು. ಅಜ್ಜಿಯ ಮುಂದೆ ಇಟ್ಟದ್ದು ಸಾದಾ ದೋಸೆ. ಗರಿಗರಿಯಾಗಿ ಸುತ್ತಿದ, ತಟ್ಟೆಯಿಂದ ಎರಡೂ ಕಡೆ ಹೊರಗೆ ಚಾಚಿದ್ದ ಒಳ್ಳೇ ಸಾದಾ ದೋಸೆ.

ಬೆಂಗಳೂರಿನವರಿಗೆ ಖಾಲಿ ದೋಸೆ ಅಂದರೆ ಏನೆಂದು ಗೊತ್ತು. ದಪ್ಪಗೆ, ಮೆತ್ತಗೆ, ಮೈತುಂಬ ತೂತು, ಹಲ್ಲಿಲ್ಲದವರೂ ತಿನ್ನಬಹುದಾದದ್ದು. ಆದರೆ ಆ ಪದವನ್ನು ಒಮ್ಮೆ ಹೊರಗಿನವನ ಕಿವಿಯಿಂದ ಕೇಳಿ. ಹಿಂದಿಯಲ್ಲಿ ಖಾಲಿ ಅಂದರೆ ಬರಿದು, ಬರೀ. ‘ಖಾಲಿ ದೋಸೆ’ ಅಂದರೆ ಬರೀ ದೋಸೆ, ಒಳಗೆ ಪಲ್ಯ ಇಲ್ಲದ ದೋಸೆ, ಅಂದರೆ ಪ್ಲೇನು. ಹುಡುಗ ತಪ್ಪು ಕೇಳಿಸಿಕೊಂಡಿರಲಿಲ್ಲ. ಸರಿಯಾಗಿ ಕೇಳಿಸಿಕೊಂಡು, ತನಗೆ ಗೊತ್ತಿದ್ದ ಅರ್ಥದ ಪ್ರಕಾರ ಸರಿಯಾಗಿಯೇ ತಂದಿದ್ದ.

‘ಏನೋ ಇದು? ಖಾಲಿ ದೋಸೆ ಅಂದ್ರೆ ಇದೇನೋ?’

‘ಖಾಲಿ ಸಾರ್... ಮಸಾಲಾ ಇಲ್ಲ. ಖಾಲಿ.’

ಆಮೇಲಿನದನ್ನು ಪೂರ್ತಿ ಬರೆಯುವುದಿಲ್ಲ. ಕನ್ನಡ ಬರಲ್ವೇನೋ ನಿಂಗೆ ಎಂಬಲ್ಲಿಂದ ಶುರುವಾಗಿ, ಯಾವನೋ ನಿನ್ನ ಕೆಲಸಕ್ಕೆ ಇಟ್ಕೊಂಡೋನು ಎಂಬಲ್ಲಿಗೆ ಹೋಗಿ, ಅವನ ಊರಿನವರೆಲ್ಲ ಇಲ್ಲಿಗೆ ಯಾಕೆ ಬರುತ್ತಾರೆ ಎಂಬಲ್ಲಿಗೆ ಮುಟ್ಟಿತು. ನಡುವೆ ಒಮ್ಮೆ ಅವರು ತಟ್ಟೆಯನ್ನು ತಳ್ಳಿದರು. ಎಸೆಯಲಿಲ್ಲ, ತಳ್ಳಿದರು. ಸಾಂಬಾರಿನ ಬಟ್ಟಲು ಮಗುಚಿ ಹುಡುಗನ ಅಂಗಿಯ ಮೇಲೆ ಬಿತ್ತು. ಬಿಸಿ ಇತ್ತೋ ಇಲ್ಲವೋ ಗೊತ್ತಿಲ್ಲ. ಅವನು ಹಿಂದೆ ಸರಿಯಲಿಲ್ಲ. ಅಜ್ಜಿ, ‘ಇರ್ಲಿ ಬಿಡೋ, ಸಾಂಬಾರಲ್ಲಿ ನೆನೆಸ್ಕೊಂಡು ತಿಂತೀನಿ’ ಅಂದರು. ಇಡೀ ಹಾಲಿನಲ್ಲಿ ಆ ಹೊತ್ತಿಗೆ ಬಾಯಿಬಿಟ್ಟವರು ಅವರೊಬ್ಬರೇ. ಅವರ ಮಾತನ್ನು ಮಗ ಕೇಳಿಸಿಕೊಳ್ಳಲಿಲ್ಲ. ಅಮ್ಮನಿಗೋಸ್ಕರ ಶುರುವಾದ ಜಗಳದಲ್ಲಿ ಅಮ್ಮನಿಗೆ ಜಾಗವಿರಲಿಲ್ಲ.

ಗಲ್ಲಾದಲ್ಲಿ ಕೂತಿದ್ದವರು ಎದ್ದು ಬಂದರು. ಅವರು ಮಾಡಿದ್ದನ್ನು ನಾನು ಎಷ್ಟು ಹೋಟೆಲುಗಳಲ್ಲಿ ನೋಡಿದ್ದೇನೋ. ಗಿರಾಕಿಯ ಕಡೆ ತಿರುಗಿ ‘ಸಾರಿ ಸಾರ್, ಹೊಸಬ’ ಅಂದರು. ಹುಡುಗನ ಕಡೆ ತಿರುಗಿ, ಗಿರಾಕಿಗೆ ಕೇಳುವಷ್ಟು ಜೋರಾಗಿ, ತಲೆಯಲ್ಲಿ ಏನಿದೆ ಎಂದು ಹಿಂದಿಯಲ್ಲಿ ಕೇಳಿದರು. ಇದರ ದುಡ್ಡು ನಿನ್ನ ಲೆಕ್ಕಕ್ಕೆ ಎಂದು ಕನ್ನಡದಲ್ಲಿ ಹೇಳಿದರು. ಅದು ಹುಡುಗನಿಗೆ ಅರ್ಥವಾಗಲಿ ಎಂದು ಹೇಳಿದ್ದಲ್ಲ. ದೇವರಿಗೆ ಕಾಯಿ ಒಡೆದ ಹಾಗೆ, ಎದುರಿಗಿದ್ದವರ ತೃಪ್ತಿಗೆ ಹೇಳಿದ್ದು. ವಯಸ್ಸಾದ ಸಪ್ಲೈಯರ್ ಬಂದು ಏನೂ ಮಾತಾಡದೆ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಐದು ನಿಮಿಷಕ್ಕೆ ಖಾಲಿ ದೋಸೆ ಬಂತು. ಜಗಳ ಮುಗಿಯಿತು.

ನನ್ನನ್ನು ಕಾಡುತ್ತಿರುವುದು ಅದರ ನಂತರದ ಒಂದು ಚಿಕ್ಕ ಸಂಗತಿ. ಆ ಮನೆಯ ಹುಡುಗ, ಏಳೋ ಎಂಟೋ ವರ್ಷ, ಕೇಸರಿಬಾತಿನ ನಡುವೆ ತಲೆಯೆತ್ತಿ ವಯಸ್ಸಾದ ಸಪ್ಲೈಯರನ್ನು ನೋಡಿ, ‘ಏಯ್, ನೀರ್ ತಾ’ ಅಂದ. ಅಪ್ಪನ ಸ್ವರವನ್ನೇ ಅಳತೆ ಹಿಡಿದು ಹೊಲಿಸಿದಂತಿತ್ತು. ಯಾರೂ ತಿದ್ದಲಿಲ್ಲ. ಅವರು ‘ತಂದೆ ಸಾರ್’ ಅಂದರು. ಹೋಟೆಲಿನವರು ಎಲ್ಲರಿಗೂ ಹೇಳುವ ಮಾತೇ ಅದು. ಆದರೆ ತಾತನ ವಯಸ್ಸಿನವರು ಮೊಮ್ಮಗನ ವಯಸ್ಸಿನವನಿಗೆ ಹೇಳಿದಾಗ ಆ ‘ತಂದೆ’ ಕಿವಿಯಲ್ಲಿ ಬೇರೆಯೇ ಆಗಿ ಕೇಳಿಸಿತು.

ನಾನೇನು ಮಾಡಿದೆ? ಕಾಫಿ ಕುಡಿದೆ. ಹುಡುಗನಿಗೆ ಸಿಗಲಿ ಎಂದು ಲೋಟದ ಕೆಳಗೆ ಇಪ್ಪತ್ತು ರೂಪಾಯಿ ಇಟ್ಟು ಎದ್ದೆ. ಇಪ್ಪತ್ತು ರೂಪಾಯಿಗೆ ನನ್ನ ಅಂತರಾತ್ಮ ಬಾಯಿ ಮುಚ್ಚಿಕೊಂಡಿತು. ಮೆಟ್ರೋ ಮೆಟ್ಟಿಲು ಹತ್ತುವವರೆಗೆ.

ಕ್ರಿಯಾಪದ ಇಲ್ಲದ ಆರ್ಡರು

ಮನೆಗೆ ಬಂದು ಆ ಮನುಷ್ಯನನ್ನು ಮನಸ್ಸಿನಲ್ಲೇ ಬೈದೆ. ಎರಡು ದಿನ ಬೈದೆ. ಮೂರನೇ ದಿನ ನಮ್ಮ ಆಫೀಸಿನ ಕೆಳಗಿನ ದರ್ಶಿನಿಯಲ್ಲಿ ಟೇಬಲ್ಲು ಒರೆಸುವ ಹೆಂಗಸಿಗೆ, ‘ಇಲ್ಲೊಂಚೂರು ಒರೆಸಮ್ಮಾ’ ಅಂದೆ. ಅಂದಮೇಲೆ ನನ್ನ ಮಾತು ನನಗೇ ಕೇಳಿಸಿತು. ಅವರಿಗೆ ನನಗಿಂತ ಹತ್ತು ವರ್ಷವಾದರೂ ಹೆಚ್ಚಿರಬೇಕು. ಅದೇ ವಯಸ್ಸಿನ ಹೆಂಗಸು ಬ್ಯಾಂಕಿನ ಕೌಂಟರಿನ ಆಚೆ ಕೂತಿದ್ದರೆ ನಾನು ‘ಒಂಚೂರು ನೋಡಿ ಮೇಡಂ’ ಅನ್ನುತ್ತಿದ್ದೆ. ‘ಅಮ್ಮಾ’ ಎಂಬುದನ್ನು ಸೇರಿಸಿದ್ದರಿಂದ ನನ್ನ ‘ಒರೆಸು’ ಮೆತ್ತಗಾಯಿತು ಎಂದು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೆ.

ಕನ್ನಡದಲ್ಲಿ ಇದರಿಂದ ತಪ್ಪಿಸಿಕೊಳ್ಳುವಂತಿಲ್ಲ. ಬಾ ಅನ್ನಬೇಕು ಇಲ್ಲವೇ ಬನ್ನಿ ಅನ್ನಬೇಕು. ಕೊಡು ಅಥವಾ ಕೊಡಿ. ಎದುರಿಗೆ ನಿಂತವರು ನಮಗೆ ಏನು ಎಂಬುದನ್ನು ಪ್ರತಿ ಸಲ ಬಾಯಿ ತೆರೆದಾಗಲೂ ತೀರ್ಮಾನಿಸಬೇಕು, ಅದೂ ಅರೆಕ್ಷಣದಲ್ಲಿ. ಯೋಚನೆ ಮಾಡಿ ತೀರ್ಮಾನಿಸಿದರೆ ಬಹುಶಃ ಎಲ್ಲರೂ ಕೊಡಿ ಅನ್ನುತ್ತೇವೆ. ಆದರೆ ಯೋಚನೆಗೆ ಮೊದಲೇ ನಾಲಿಗೆ ತೀರ್ಮಾನಿಸಿಬಿಟ್ಟಿರುತ್ತದೆ. ನಾಲಿಗೆಗೆ ಪಾಠ ಹೇಳಿದ್ದು ಯಾರು ಎಂದರೆ, ಏಳೆಂಟು ವರ್ಷದವರಿದ್ದಾಗ ನಾವು ಯಾರ ಪಕ್ಕ ಕೂತು ಕೇಸರಿಬಾತು ತಿಂದಿದ್ದೆವೋ ಅವರು.

ಇನ್ನೊಂದನ್ನು ಗಮನಿಸಿದೆ. ಹೋಟೆಲಿನಲ್ಲಿ ನಾವು ಬಹಳ ಮಂದಿ ಕ್ರಿಯಾಪದವನ್ನೇ ಬಳಸುವುದಿಲ್ಲ. ‘ಎರಡು ಇಡ್ಲಿ ಒಂದು ವಡೆ.’ ‘ಬೈಟೂ ಕಾಫಿ.’ ‘ಒಂದು ಚೌಚೌಬಾತ್, ಪಾರ್ಸೆಲ್.’ ಕೊಡು, ಕೊಡಿ ಎರಡೂ ಇಲ್ಲ. ನಾನು ಇದನ್ನು ಅವಸರ ಅಂದುಕೊಂಡಿದ್ದೆ. ಈಗ ಅನಿಸುತ್ತದೆ, ಅದೊಂದು ಉಪಾಯ. ಮರ್ಯಾದೆ ಕೊಡಲು ಮನಸ್ಸಿಲ್ಲ, ಕೊಡದಿರಲು ಧೈರ್ಯವಿಲ್ಲ, ಹಾಗಾಗಿ ವಾಕ್ಯವನ್ನೇ ಅರ್ಧಕ್ಕೆ ಬಿಡುತ್ತೇವೆ. ಹುಬ್ಬಳ್ಳಿ ಧಾರವಾಡದ ಕಡೆಯವರು ಈ ವಿಷಯದಲ್ಲಿ ನಮಗಿಂತ ಮೇಲು. ಅಲ್ಲಿ ‘ರೀ’ ಎಂಬುದು ಜಗಳದಲ್ಲೂ ಬಿಟ್ಟುಹೋಗುವುದಿಲ್ಲ. ಬೈದರೂ ‘ಏನ್ ಮಂದಿರೀ ನೀವು’ ಎಂದು ಬೈಯುತ್ತಾರೆ. (ಹೀಗೆ ಬರೆದದ್ದಕ್ಕೆ ಕೆಳಗೆ ನಾನೇ ದಂಡ ಕಟ್ಟಬೇಕಾಗಿ ಬರುತ್ತದೆ, ಇರಲಿ.)

ನಮ್ಮ ಕುಂದಾಪುರದ ಕಡೆ ‘ಮಾಣಿ’ ಅಂದರೆ ಮನೆಯ ಗಂಡುಹುಡುಗ. ಅಮ್ಮ ನನ್ನನ್ನು ಈಗಲೂ ಫೋನಿನಲ್ಲಿ ಕರೆಯುವುದು ಹಾಗೆಯೇ. ಆ ಪದ ಘಟ್ಟ ಹತ್ತಿ ಊರೂರಿನ ಉಡುಪಿ ಹೋಟೆಲುಗಳಿಗೆ ಬಂತು, ಕರಾವಳಿಯ ಹುಡುಗರ ಜೊತೆಗೇ ಬಂತು. ಇಲ್ಲಿ ಅದರ ಅರ್ಥ ತಿಂಡಿ ತಂದುಕೊಡುವವನು. ಅಮ್ಮ ಮಗನನ್ನು ಕರೆಯುವ ಪದವೇ ಗಿರಾಕಿ ಕೆಲಸದವನನ್ನು ಕರೆಯುವ ಪದವಾಯಿತು. ಒಂದಕ್ಷರ ಬದಲಾಗಲಿಲ್ಲ. ಈಗ ಮಾಣಿ ಎನ್ನುವವರು ಕಡಿಮೆ. ಬಾಸ್, ಗುರು, ಭೈಯ್ಯಾ, ಅಥವಾ ಏನೂ ಇಲ್ಲದೆ ಒಂದು ಚಿಟಿಕೆ.

ಇಲ್ಲಿ ಎಲ್ಲರಿಗೂ ನೆನಪಾಗುವ ಒಂದು ವಚನ ಇದೆ. ಅದನ್ನು ನಾನು ಎತ್ತುವುದಿಲ್ಲ. ಅದನ್ನು ಶಾಲೆಯ ಗೋಡೆಯ ಮೇಲೆ ಬರೆಸಿದವರೂ ಮಧ್ಯಾಹ್ನ ಊಟಕ್ಕೆ ಹೋದಾಗ ‘ಏಯ್, ಅನ್ನ ಹಾಕೋ’ ಎಂದಿರುತ್ತಾರೆ.

ಯಾರ ಸಿಟ್ಟು ಯಾರ ಮೇಲೆ

ಆ ಗಿರಾಕಿಯ ಪರವಾಗಿಯೂ ಸ್ವಲ್ಪ ಮಾತಾಡಬೇಕು. ಅವರ ತಾಯಿಗೆ ಹಲ್ಲಿಲ್ಲ. ಅರ್ಧ ಗಂಟೆ ಕಾದು ಬಂದದ್ದು ತಿನ್ನಲಾಗದ ದೋಸೆ. ಕನ್ನಡದ ಊರಿನಲ್ಲಿ ಕನ್ನಡದ ತಿಂಡಿಯನ್ನು ಕನ್ನಡದಲ್ಲಿ ಕೇಳಿ ಪಡೆಯಲಾಗದಿದ್ದರೆ ಹೊಟ್ಟೆ ಉರಿಯುವುದು ನನಗೂ ಗೊತ್ತು. ಆ ಉರಿ ಸುಳ್ಳಲ್ಲ. ಆದರೆ ಅದನ್ನು ಹೇಳಬೇಕಾದದ್ದು ಗಲ್ಲಾದಲ್ಲಿ ಕೂತವರಿಗೆ. ಹೊಸಬನನ್ನು ಮೊದಲ ವಾರವೇ ಭಾನುವಾರದ ಹಾಲಿಗೆ ಬಿಟ್ಟವರು ಅವರು, ಐವರ ಕೆಲಸಕ್ಕೆ ಇಬ್ಬರನ್ನು ನಿಲ್ಲಿಸಿದವರು ಅವರು, ಬೇಕಾದ ಪದ ಒಂದೈವತ್ತನ್ನು ಕಲಿಸದವರೂ ಅವರೇ. ಅವರನ್ನು ಮಾತ್ರ ಇಡೀ ಜಗಳದಲ್ಲಿ ಯಾರೂ ಏನೂ ಅನ್ನಲಿಲ್ಲ.

ಬೆಲೆಯ ವಿಷಯದಲ್ಲೂ ಹೀಗೆಯೇ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ಕಾಫಿಪುಡಿ ಅದಕ್ಕೂ ಮುಂಚೆಯೇ ಏರುತ್ತಿತ್ತು. ಹೋಟೆಲಿನ ಕಾಫಿಯೂ ಏರಿತು. ಆ ವಾರ ನಮ್ಮ ದರ್ಶಿನಿಯಲ್ಲಿ ಲೋಟ ತುಂಬಿ ಮುಂದೆ ಇಡುವವನನ್ನು ಎಷ್ಟು ಜನ, ‘ಏನಪ್ಪಾ, ಬಂಗಾರ ಹಾಕಿದೀಯಾ ಇದಕ್ಕೆ’ ಎಂದು ಕೇಳಿದರೋ ಲೆಕ್ಕವಿಲ್ಲ. ಅವನ ಸಂಬಳ ಏರಿತಾ ಎಂದು ಕೇಳಿದವರನ್ನು ನಾನು ಕಾಣಲಿಲ್ಲ. ನಾನೂ ಕೇಳಲಿಲ್ಲ.

ದರ್ಶಿನಿ ಅಂದಾಗ ನೆನಪಾಯಿತು. 1983ರಲ್ಲಿ ಜಯನಗರದಲ್ಲಿ ಮೊದಲನೆಯದು ಶುರುವಾದಾಗ ಅದರ ಹೊಸತನ ಇದ್ದದ್ದು ಇಡ್ಲಿಯಲ್ಲಲ್ಲ, ಸಪ್ಲೈಯರ್ ಇಲ್ಲದ್ದರಲ್ಲಿ. ಟೋಕನ್ ತೆಗೆದುಕೋ, ನೀನೇ ತಂದುಕೋ, ನಿಂತು ತಿನ್ನು, ನಡಿ. ಕರೆಯುವವರೂ ಇಲ್ಲ, ಕರೆಸಿಕೊಳ್ಳುವವರೂ ಇಲ್ಲ. ಕಾರಿನಲ್ಲಿ ಬಂದವರೂ ಆಟೋ ಓಡಿಸುವವರೂ ಒಂದೇ ಗುಂಡು ಟೇಬಲ್ಲಿಗೆ ಮೊಣಕೈ ಊರಿ ನಿಂತರು. ಹಿಂದೆ ಬ್ರಾಹ್ಮಣರಿಗೇ ಬೇರೆ ಕೋಣೆ ಇದ್ದ ಹೋಟೆಲುಗಳ ಊರಿನಲ್ಲಿ ಇದು ಸಣ್ಣ ಮಾತಲ್ಲ. ನಾನು ದರ್ಶಿನಿಯ ಭಕ್ತನಾಗಿರುವುದಕ್ಕೆ ಅರ್ಧ ಕಾರಣ ಇದೇ. ಆದರೆ ಒಬ್ಬರು ಅಲ್ಲೂ ಉಳಿದುಬಿಟ್ಟರು: ತಟ್ಟೆ ಎತ್ತುವವರು, ಟೇಬಲ್ಲು ಒರೆಸುವವರು. ಸಪ್ಲೈಯರನ್ನಾದರೂ ಜನ ಮುಖ ನೋಡಿ ಬೈಯುತ್ತಿದ್ದರು. ಇವರ ಬಟ್ಟೆ ಹತ್ತಿರ ಬಂದಾಗ ಲೋಟವನ್ನು ಮೇಲೆತ್ತುತ್ತೇವೆ, ಒರೆಸಿದ ಮೇಲೆ ಇಳಿಸುತ್ತೇವೆ. ಮಾತು ನಿಲ್ಲುವುದೂ ಇಲ್ಲ.

ಎರಡು ವಾರದ ನಂತರ, ಒಂದು ಬುಧವಾರ ಮಧ್ಯಾಹ್ನ ಮೂರೂವರೆಗೆ, ಅದೇ ಹೋಟೆಲಿಗೆ ಹೋದೆ. ಹಾಲಿನಲ್ಲಿ ನಾಲ್ಕೇ ಜನ. ಬ್ಯಾಂಡೇಜಿನವರು ಇದ್ದರು, ಬ್ಯಾಂಡೇಜು ಹೋಗಿತ್ತು. ಕಾಫಿ ತಂದಾಗ ನಿಲ್ಲಿಸಿ ಮಾತಾಡಿಸಿದೆ. ಹಾಸನದ ಕಡೆಯವರು. ಇಪ್ಪತ್ತೆಂಟು ವರ್ಷದಿಂದ ಇದೇ ಕೆಲಸ, ನಾಲ್ಕನೇ ಹೋಟೆಲು. ಬೆಳಿಗ್ಗೆ ಆರರಿಂದ ಹನ್ನೊಂದೂವರೆ, ಆಮೇಲೆ ಮೂರರಿಂದ ರಾತ್ರಿ ಒಂಬತ್ತೂವರೆ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ವಾರಕ್ಕೊಂದು ರಜೆ ಎಂದು ಅದರಲ್ಲಿ ಬರೆದಿದೆ. ಅವರ ದಿನವನ್ನು ಕೂಡಿದರೆ ಹನ್ನೆರಡು. ಆ ಕಾಯ್ದೆಯ ವಿಷಯ ತೆಗೆಯಬೇಕೆಂದುಕೊಂಡಿದ್ದೆ, ಅವರ ಮುಖ ನೋಡಿ ಬಿಟ್ಟೆ. ಕಾಯ್ದೆ ತಿಳಿದು ಅವರು ಏನು ಮಾಡಬೇಕಿತ್ತು, ಗಲ್ಲಾದ ಮುಂದೆ ಹೋಗಿ ಓದಬೇಕಿತ್ತೇ?

ಅವತ್ತಿನ ಜಗಳದ ಮಾತು ತೆಗೆದೆ. ಅವರಿಗೆ ನೆನಪೇ ಇರಲಿಲ್ಲ. ‘ಯಾವ ಭಾನ್ವಾರ ಸಾರ್?’ ಅಂದರು. ಅಂಥದ್ದು ವಾರಕ್ಕೆ ಎರಡು ಮೂರು ಆಗುತ್ತದಂತೆ. ಬೈಯುವವರ ಬಗ್ಗೆ ಅವರಿಗೆ ದೊಡ್ಡ ದೂರೇನಿರಲಿಲ್ಲ. ‘ಬೈದ್ರೆ ಬೈದೋರಿಗೂ ಗೊತ್ತಿರತ್ತೆ, ನಮಗೂ ಗೊತ್ತಿರತ್ತೆ. ಫೋನಲ್ಲಿ ಮಾತಾಡ್ಕೊಂಡು ಬೆರಳು ಆಡಿಸ್ತಾರಲ್ಲ ಸಾರ್, ಹೀಗೆ, ಅದಕ್ಕೇನ್ ಮಾಡೋದು? ಏನ್ ಬೇಕು ಅಂತ ಕೇಳಿದ್ರೆ ಸುಮ್ನಿರು ಅಂತ ಕೈ ತೋರಿಸ್ತಾರೆ. ನಿಂತೇ ಇರ್ಬೇಕು. ಅಷ್ಟರಲ್ಲಿ ಆ ಕಡೆಯೋನು ಕರೀತಾನೆ.’ ಅವರು ಬೆರಳು ಆಡಿಸಿ ತೋರಿಸಿದರು. ಆ ಬೆರಳನ್ನು ನಾನು ಗುರುತಿಸಿದೆ. ಅದು ನನ್ನದೂ ಹೌದು.

ಮಾತಾಡುತ್ತಿರುವಾಗಲೇ ಕ್ಲೀನರ್ ಹುಡುಗ ಒಬ್ಬ ಬಕೆಟ್ಟು ಎಳೆದುಕೊಂಡು ಬಂದ. ಇವರು ತಿರುಗಿ, ‘ಲೇ, ಕಣ್ ಕಾಣಲ್ವೇನೋ, ಸಾರ್ ಕೂತಿದಾರೆ’ ಎಂದು ಗದರಿದರು. ಪಾಪ, ನನ್ನ ಮರ್ಯಾದೆಗೇ. ಆ ಹುಡುಗ ಬಕೆಟ್ಟು ಎತ್ತಿಕೊಂಡು ಹೋಗಿ, ಅಡುಗೆಮನೆಯ ಬಾಗಿಲಲ್ಲಿ ಮಲಗಿದ್ದ ಬೆಕ್ಕನ್ನು ಕಾಲಲ್ಲಿ ಸರಿಸಿದ. ಇದನ್ನು ಕಥೆಗೆ ಬೇಕೆಂದು ಸೇರಿಸಿದ್ದಲ್ಲ. ನಿಜವಾಗಿ ಬೆಕ್ಕಿತ್ತು.

ಸೂಸಲಾ

ನಮ್ಮ ದೊಡ್ಡಪ್ಪಯ್ಯ ಹೋಟೆಲಿನಲ್ಲಿ ಬೆಳೆದವರು. ಐದನೇ ಕ್ಲಾಸಿಗೆ ಶಾಲೆ ಬಿಟ್ಟು, ಹನ್ನೊಂದನೇ ವಯಸ್ಸಿಗೆ ಊರವರೊಬ್ಬರ ಜೊತೆ ಹುಬ್ಬಳ್ಳಿಗೆ ಹೋದರು. ಅರವತ್ತರ ದಶಕ. ನಮ್ಮ ಕಡೆ ಪ್ರತಿ ಮನೆಯಿಂದ ಒಬ್ಬನಾದರೂ ಹೀಗೆ ಹೋಗುತ್ತಿದ್ದ ಕಾಲ. ಮುಂಬೈಗೆ ಹೋದವರಿಗೆ ಅಲ್ಲಿನ ಕನ್ನಡ ರಾತ್ರಿಶಾಲೆಗಳಾದರೂ ಇದ್ದವು, ಹಗಲು ಲೋಟ ತೊಳೆದು ರಾತ್ರಿ ಓದಿ ದೊಡ್ಡವರಾದವರಿದ್ದಾರೆ. ದೊಡ್ಡಪ್ಪಯ್ಯನಿಗೆ ಅದೂ ಇರಲಿಲ್ಲ. ಬೆಳಗಿನ ಮೂರೂವರೆಗೆ ಎದ್ದು ಒರಳಿನ ಮುಂದೆ ಕೂರುವುದು, ರಾತ್ರಿ ಬಾಗಿಲು ಹಾಕಿದ ಮೇಲೆ ಟೇಬಲ್ಲು ಜೋಡಿಸಿ ಅದರ ಮೇಲೆ ಮಲಗುವುದು. ಮಕ್ಕಳನ್ನು ಹೋಟೆಲು, ಢಾಬಾಗಳಲ್ಲಿ ದುಡಿಸಬಾರದೆಂಬ ನಿಷೇಧ ಜಾರಿಗೆ ಬಂದದ್ದು 2006ರ ಅಕ್ಟೋಬರ್ 10ಕ್ಕೆ. ಅಷ್ಟು ಹೊತ್ತಿಗೆ ಅವರು ಊರಿಗೆ ಮರಳಿ ತೆಂಗಿನ ಕಟ್ಟೆಗೆ ನೀರು ಬಿಡುತ್ತಾ, ಸಂಜೆ ಜಗಲಿಯಲ್ಲಿ ಕೂತು ನಮಗೆ ಕಥೆ ಹೇಳುತ್ತಿದ್ದರು.

ಅವರ ಕಥೆಗಳಲ್ಲಿ ಹೆಚ್ಚಿನವು ಮೋಜಿನವೇ. ಒಂದೇ ಕೈಯಲ್ಲಿ ನಾಲ್ಕು ಲೋಟ ನೀರು ಹಿಡಿಯುವುದು ಹೇಗೆ, ಗಿರಾಕಿ ಎದ್ದು ಗಲ್ಲಾದ ಕಡೆ ಹೋಗುವಾಗ ‘ಟೊಪ್ಪಿಯವರು ಅರವತ್ತು ಪೈಸೆ, ಹಿಂದಿನವರು ಒಂದು ರೂಪಾಯಿ ಹತ್ತು’ ಎಂದು ದೂರದಿಂದಲೇ ಕೂಗಿ ಹೇಳುವುದು ಹೇಗೆ, ಹನ್ನೆರಡು ಟೇಬಲ್ಲಿನ ಲೆಕ್ಕ ತಲೆಯಲ್ಲಿ ಇಟ್ಟುಕೊಳ್ಳುವುದು ಹೇಗೆ. ಐದನೇ ಕ್ಲಾಸಿನಲ್ಲಿ ಲೆಕ್ಕಕ್ಕೇ ನಪಾಸಾದವರು. ಈ ಮೋಜಿನ ಕಥೆಗಳ ನಡುವೆ ಒಂದನ್ನು ಮಾತ್ರ ಪ್ರತಿ ಸಲ ಒಂದೇ ರೀತಿ ಹೇಳುತ್ತಿದ್ದರು, ಒಂದು ಪದ ಆಚೀಚೆ ಮಾಡದೆ.

ಹೋಗಿ ಒಂದು ತಿಂಗಳಾಗಿರಲಿಲ್ಲ. ಒರಳಿನಿಂದ ಮೊದಲ ಸಲ ಹೊರಗೆ ಕಳಿಸಿದ್ದರು, ಯಾರೋ ಜ್ವರ ಬಂದು ಮಲಗಿದ್ದರಿಂದ. ಒಬ್ಬ ಗಿರಾಕಿ ಸೂಸಲಾ ಕೇಳಿದ. ಕುಂದಾಪುರದ ಹುಡುಗ ಆ ಪದವನ್ನು ಹುಟ್ಟಾ ಕೇಳಿರಲಿಲ್ಲ. ಮಂಡಕ್ಕಿ ನೆನೆಸಿ ಒಗ್ಗರಣೆ ಹಾಕಿದ್ದಕ್ಕೆ ಅಲ್ಲಿ ಹಾಗೆನ್ನುತ್ತಾರೆಂದು ಅವರಿಗೆ ಆಮೇಲೆ ತಿಳಿದದ್ದು. ಕೇಳಿದ್ದಕ್ಕೆ ಹತ್ತಿರದಲ್ಲಿ ಅವರಿಗೆ ಗೊತ್ತಿದ್ದದ್ದು ಉಸ್ಲಿ, ಮನೆಯಲ್ಲಿ ಅಮ್ಮ ಮಾಡುತ್ತಿದ್ದ ಕಡಲೆ ಉಸ್ಲಿ. ಒಳಗೆ ಅದೂ ಇತ್ತು. ತಂದು ಇಟ್ಟರು.

‘ಕನ್ನಡ ಬರಂಗಿಲ್ಲೇನಲೇ ನಿನಗ?’

ಕೇಳಿ ಕಪಾಳಕ್ಕೆ ಒಂದು ಬಿಟ್ಟನಂತೆ. ದೊಡ್ಡಪ್ಪಯ್ಯ ಇಲ್ಲಿಗೆ ಬಂದಾಗ ಸ್ವಲ್ಪ ನಿಲ್ಲಿಸುತ್ತಿದ್ದರು. ಕಪಾಳದ ನೋವಿಗಲ್ಲ. ‘ನಂಗೆ ಬಪ್ಪುದ್ ಅದೊಂದೇ ಅಲ್ದನಾ ಮಾರಾಯ, ಕನ್ನಡ’ ಎನ್ನುತ್ತಿದ್ದರು. ಕನ್ನಡ ಬಿಟ್ಟರೆ ಬೇರೆ ಯಾವ ಭಾಷೆಯೂ ಬಾರದ ಹುಡುಗನಿಗೆ ಕನ್ನಡ ಬರಲ್ವಾ ಎಂದು ಕೇಳಿದ್ದರು. ಅದಕ್ಕೆ ಉತ್ತರವನ್ನು ಕನ್ನಡದಲ್ಲೇ ಕೊಡಬೇಕಿತ್ತು. ತನ್ನ ಕನ್ನಡ ಬಾಯಿಂದ ಹೊರಬಂದರೆ ಇನ್ನೊಂದು ಬೀಳುತ್ತದೆಂದು ಬಾಯಿ ಬಿಡಲಿಲ್ಲ.

ಆಗ ಪಕ್ಕದ ಟೇಬಲ್ಲಿನಿಂದ, ರುಮಾಲು ಸುತ್ತಿದ್ದ ಒಬ್ಬ ಅಜ್ಜ, ತಲೆಯೆತ್ತದೆ, ಚಹಾ ಬಸಿ ಕೆಳಗಿಡದೆ ಹೇಳಿದರಂತೆ: ‘ಏ ತಮ್ಮಾ, ಆ ಪ್ಲೇಟ ಇತ್ತಾಗ ತಾ. ನಾ ತಿಂತೀನಿ. ಅವರಿಗೆ ಸೂಸಲಾ ತಂದು ಕೊಡು.’

ಇಷ್ಟೇ. ಹೊಡೆದವನಿಗೆ ಬುದ್ಧಿ ಹೇಳಲಿಲ್ಲ, ಅವನ ಕಡೆ ನೋಡಲೂ ಇಲ್ಲ. ಉಸ್ಲಿ ತಿಂದರು. ದುಡ್ಡು ಕೊಟ್ಟು ಹೋದರು. ತಪ್ಪಾಗಿ ಬಂದ ತಟ್ಟೆಗೆ ಒಬ್ಬ ಗಿರಾಕಿ ಸಿಕ್ಕಿದ್ದರಿಂದ ಅದು ತಪ್ಪೇ ಅಲ್ಲದೆ ಹೋಯಿತು. ಸಂಬಳದಲ್ಲಿ ಹಿಡಿಯಲು ಏನೂ ಉಳಿಯಲಿಲ್ಲ. ಆ ಅಜ್ಜನನ್ನು ದೊಡ್ಡಪ್ಪಯ್ಯ ಮತ್ತೆ ನೋಡಲಿಲ್ಲವಂತೆ. ಸಾಯುವ ವರ್ಷವೂ ಈ ಕಥೆ ಹೇಳಿದ್ದರು, ಚಹಾ ಬಸಿ ಹಿಡಿದ ಕೈಯ ಅಭಿನಯದ ಸಮೇತ.

ಈಗ ದಂಡ ಕಟ್ಟುತ್ತೇನೆ. ಮೇಲೆ ಏಕವಚನದ ಬಗ್ಗೆ ಅಷ್ಟುದ್ದ ಬರೆದೆ, ಹುಬ್ಬಳ್ಳಿಯವರ ರೀ ಹೊಗಳಿದೆ. ಹೊಡೆದವನೂ ಹುಬ್ಬಳ್ಳಿಯವನೇ, ಅವನ ಬಾಯಲ್ಲಿ ರೀ ಇರಲಿಲ್ಲ. ತಟ್ಟೆ ಕೇಳಿದ ಅಜ್ಜನ ಮಾತಾದರೂ ಏನು? ತಾ. ಕೊಡು. ಎರಡೂ ಏಕವಚನವೇ. ದೊಡ್ಡಪ್ಪಯ್ಯನ ಬದುಕಿನಲ್ಲಿ ಅಪರಿಚಿತರೊಬ್ಬರು ಆಡಿದ ಅತ್ಯಂತ ಒಳ್ಳೆಯ ಮಾತು ವ್ಯಾಕರಣದ ಪ್ರಕಾರ ಆ ಬೈಗುಳಕ್ಕಿಂತ ಒಂದಿಷ್ಟೂ ಮೇಲಿನದಲ್ಲ. ಇನ್ನೊಂದು ಕಡೆ, ನಮ್ಮ ಆಫೀಸಿನ ಹತ್ತಿರದ ದೊಡ್ಡ ರೆಸ್ಟೋರೆಂಟಿನಲ್ಲಿ ‘ಪ್ಲೀಸ್, ನಿಮ್ಮ ಮ್ಯಾನೇಜರನ್ನು ಕರೀತೀರಾ’ ಎಂದು ತುಂಬು ಬಹುವಚನದಲ್ಲೇ ಒಬ್ಬಳು ಹುಡುಗಿಯ ಕಣ್ಣಲ್ಲಿ ನೀರು ತರಿಸಿದವರನ್ನು ನೋಡಿದ್ದೇನೆ. ಹಾಗಾಗಿ ನನ್ನ ಸಿದ್ಧಾಂತ ನಿಲ್ಲುವುದಿಲ್ಲ. ಅಳಿಸಿಹಾಕಲು ಮನಸ್ಸು ಬರದೆ ಹಾಗೇ ಬಿಟ್ಟಿದ್ದೇನೆ. ದರ್ಶಿನಿಯ ಆ ಹೆಂಗಸಿಗೆ ನಾನು ಈಗ ‘ಒರೆಸಿ’ ಅನ್ನುತ್ತೇನೆ. ಮೊದಲ ದಿನ ಅವರು ನನ್ನನ್ನು ಸಂಶಯದಿಂದ ನೋಡಿದರು. ಏನೋ ಕೆಲಸ ಆಗಬೇಕಿದೆ ಇವನಿಗೆ ಎಂಬಂತೆ.

ನನ್ನನ್ನು ನಿಜವಾಗಿ ಚುಚ್ಚುವುದು ಬೇರೆ. ಈ ಕಥೆಯನ್ನು ನಾನು ಕಡಿಮೆಯೆಂದರೆ ಇಪ್ಪತ್ತು ಸಲ ಕೇಳಿದ್ದೇನೆ. ಆ ಅಜ್ಜನ ಮಾತು ನನಗೆ ಬಾಯಿಪಾಠ. ಅವತ್ತು ಭಾನುವಾರ ಸಾದಾ ದೋಸೆ ನನ್ನಿಂದ ಆರು ಅಡಿ ದೂರದಲ್ಲಿತ್ತು. ನನ್ನ ತಿಂಡಿ ಇನ್ನೂ ಬಂದಿರಲಿಲ್ಲ. ನಾನು ಹೇಳಿದ್ದೂ ದೋಸೆಯನ್ನೇ. ‘ಅದನ್ನ ಇಲ್ಲಿ ಕೊಡಿ’ ಎಂದು ಮೂರು ಪದ ಅಂದಿದ್ದರೆ ಸಾಕಿತ್ತು. ಧೈರ್ಯವೂ ಬೇಕಿರಲಿಲ್ಲ, ಯಾರ ಜೊತೆ ಜಗಳವೂ ಬೇಕಿರಲಿಲ್ಲ. ಅನ್ಯಾಯವಾಗುವಾಗ ಎದ್ದು ನಿಲ್ಲುವುದು ಎಂದರೆ ನಾನು ಯಾವಾಗಲೂ ಭಾಷಣ ಎಂದುಕೊಂಡಿದ್ದೆ ಅಂತ ಕಾಣುತ್ತದೆ. ಭಾಷಣ ಮಾಡಲಾಗದ್ದಕ್ಕೆ ಸುಮ್ಮನೆ ಕೂತೆ. ದೋಸೆ ತಿನ್ನಬಹುದಿತ್ತು ಎಂದು ಹೊಳೆಯಲಿಲ್ಲ. ಮೆಟ್ರೋದಲ್ಲಿ ಹೊಳೆಯಿತು, ಎರಡು ನಿಲ್ದಾಣ ದಾಟಿದ ಮೇಲೆ.

ಬುಧವಾರದ ಉಳಿದ ಮಾತು

ಆ ಹುಡುಗ ಎಲ್ಲಿ ಎಂದು ಹಾಸನದವರನ್ನು ಕೇಳಿದೆ. ‘ಒಡಿಶಾದವ್ನಾ? ಒಳಗೆ ಹಾಕಿದಾರೆ ಸಾರ್, ಹಾಲಿಗೆ ಬೇಡ ಅಂತ. ಚಟ್ನಿ ರುಬ್ಬಕ್ಕೆ.’ ದೋಸೆಯ ದುಡ್ಡು ಹಿಡಿದರೇ ಎಂದು ಕೇಳಿದೆ. ಅವರು ಗಲ್ಲಾದ ಕಡೆ ಒಮ್ಮೆ ನೋಡಿ, ಟೇಬಲ್ಲಿನ ಮೇಲೆ ಇಲ್ಲದ ನೀರನ್ನು ಒರೆಸಿದರು. ನಾನು ಮತ್ತೆ ಕೇಳಲಿಲ್ಲ.

ಕೈ ತೊಳೆಯಲು ಎದ್ದಾಗ, ಅಡುಗೆಮನೆಯಿಂದ ತಟ್ಟೆ ಹೊರಗೆ ಕೊಡುವ ಕಿಂಡಿಯ ಪಕ್ಕ, ಗೋಡೆಗೆ ಅಂಟಿಸಿದ ಒಂದು ಕಾಗದ ಕಾಣಿಸಿತು. ಹಳೇ ಕ್ಯಾಲೆಂಡರಿನ ಹಿಂಬದಿ. ನೀಲಿ ಪೆನ್ನಿನಲ್ಲಿ ಬರೆದ ಏಳೆಂಟು ಸಾಲು. ನಮ್ಮ ಅಕ್ಷರದಷ್ಟೇ ಗುಂಡಗಿನ, ಆದರೆ ನನಗೆ ಒಂದೂ ಓದಲಾಗದ ಅಕ್ಷರ. ಪ್ರತಿ ಸಾಲಿನ ಮುಂದೆ ಒಂದು ಚಿತ್ರ. ಮೊದಲನೆಯದು ಉದ್ದಕ್ಕೆ ಸುತ್ತಿದ ದೋಸೆ. ಎರಡನೆಯದು ಮೂರು ದೋಸೆಯ ಅಡಕಲು, ಸೆಟ್ ದೋಸೆ ಇರಬೇಕು. ಮೂರನೆಯದು ಒಂದೇ ಒಂದು ದಪ್ಪ ದುಂಡು, ಒಳಗೆ ತುಂಬ ಚುಕ್ಕಿ.

‘ಅವನೇ ಬರ್ಕೊಂಡಿರೋದು’ ಎಂದು ಹಿಂದಿನಿಂದ ಹಾಸನದವರು ಹೇಳಿದರು. ‘ಒಳಗೆ ಹಾಕಿದ್ಮೇಲೆ ಬರ್ದಿರೋದು ಸಾರ್. ಚಟ್ನಿ ರುಬ್ಬಕ್ಕೆ ಇದ್ಯಾಕೋ ಅಂದ್ರೆ ನಗ್ತಾನೆ.’

ಮೂರನೆಯದಕ್ಕೆ ಏನೆಂದು ಬರೆದಿದ್ದಾನೆ ಎಂದು ಕೇಳಿದೆ.

‘ನಂಗೇನ್ ಗೊತ್ತು ಸಾರ್, ಅವನ ಭಾಷೆ’ ಅಂದರು. ಆಮೇಲೆ ಕಿಂಡಿಯೊಳಗೆ ಬಗ್ಗಿ ಏನೋ ಕೂಗಿದರು. ಒಳಗೆ ಗ್ರೈಂಡರು ಜೋರಾಗಿ ತಿರುಗುತ್ತಿತ್ತು, ಉತ್ತರ ಬಂದಿದ್ದರೂ ನಮಗೆ ಕೇಳಿಸಲಿಲ್ಲ.